ಬಾಗಿಲು ಮುಟ್ಟಿ ಹೋದವರು

ಕಡಲ ನಡುವೆ ಒಬ್ಬ ಒಳ್ಳೆಯ ಮನುಷ್ಯನಿದ್ದ.

ದೃಷ್ಟಾಂತಗಳು ಸಾಮಾನ್ಯವಾಗಿ ಯಾವುದೋ ಒಂದು ಊರಿನಲ್ಲಿ ನಡೆಯುತ್ತವೆ. ಇದಕ್ಕೆ ಊರಿಲ್ಲ. ಹೆಲಿಕಾಪ್ಟರಿನಲ್ಲೇ ಹೋಗಬೇಕಾದಷ್ಟು ದೂರದಲ್ಲಿ, ಕಬ್ಬಿಣದ ಕಾಲುಗಳನ್ನು ನೀರಿಗೆ ಇಳಿಬಿಟ್ಟು ನಿಂತ ಒಂದು ದೊಡ್ಡ ಅಟ್ಟ ಇದೆ. ಸಮುದ್ರದ ತಳದಿಂದ ಎಣ್ಣೆ, ಗ್ಯಾಸ್ ತೆಗೆಯುವ ಯಂತ್ರಗಳು ಅದರ ಮೇಲಿವೆ. ಮಲಗುವ ಕೋಣೆಗಳಿವೆ, ಊಟದ ಮೆಸ್ ಇದೆ, ಮೆಸ್ಸಿನ ಮೂಲೆಯಲ್ಲಿ ದೇವರ ಫೋಟೊ ಇದೆ. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಭಜನಾ ಮಂದಿರಕ್ಕೆ ಬರುವ ಎಷ್ಟೋ ಮನೆಗಳ ಗಂಡಸರು ಅಂಥ ಕಡೆ ದುಡಿಯುತ್ತಾರೆ. ನೀವು ಅದನ್ನು ರಿಗ್ ಎನ್ನುತ್ತೀರಿ. ನಾನೂ ಹಾಗೆಯೇ ಹೇಳುತ್ತೇನೆ.

ಒಳ್ಳೆಯ ಮನುಷ್ಯ ಎಂದೆನಲ್ಲ, ಅದನ್ನು ಬೇಕೆಂದೇ ಹೇಳಿದೆ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ನೀವು ಅವರನ್ನು ಬೈದು, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗಬಹುದಿತ್ತು. ನಾನು ಇದನ್ನು ಇಲ್ಲಿ ಹೇಳುವ ಅಗತ್ಯವೂ ಇರಲಿಲ್ಲ.

ಅವನನ್ನು ಪದ್ಮನಾಭ ಎಂದು ಕರೆಯೋಣ. ನಮ್ಮ ಕರಾವಳಿಯವನೇ, ಮೀನುಗಾರರ ಮನೆಯವನು. ರಿಗ್‌ನಲ್ಲಿ ಕ್ರೇನ್ ನಡೆಸುವುದು ಅವನ ಕೆಲಸ. ಅದರ ಜೊತೆಗೆ ಇನ್ನೊಂದು ಜವಾಬ್ದಾರಿ ಇತ್ತು. ರಿಗ್‌ನ ಎರಡು ಬದಿಗಳಲ್ಲಿ ಎರಡು ಲೈಫ್‌ಬೋಟುಗಳನ್ನು ತೂಗುಹಾಕಿರುತ್ತಾರೆ. ಬೆಂಕಿ ಬಿದ್ದರೆ, ಗ್ಯಾಸ್ ಸೋರಿದರೆ, ಜನರನ್ನು ತುಂಬಿಸಿ ಅವನ್ನು ಕೆಳಗೆ ನೀರಿಗೆ ಇಳಿಸಬೇಕು. ಅವುಗಳಲ್ಲಿ ಒಂದು ಬೋಟಿಗೆ ಪದ್ಮನಾಭ ನಾಯಕ.

ಬೋಟು ಎಂದಾಕ್ಷಣ ನಮ್ಮ ದೋಣಿಯನ್ನು ನೆನೆಸಿಕೊಳ್ಳಬೇಡಿ. ನಮ್ಮ ದೋಣಿಯಲ್ಲಿ ತಲೆಯ ಮೇಲೆ ಆಕಾಶವೇ ಮಾಡು. ಇದು ಹಾಗಲ್ಲ. ಸುತ್ತಲೂ ಮುಚ್ಚಿದ, ಕಿತ್ತಳೆ ಬಣ್ಣದ ದೊಡ್ಡ ಡಬ್ಬ. ಬದಿಯಲ್ಲಿ ಒಂದು ಬಾಗಿಲು. ಒಳಗೆ ಸಾಲು ಸಾಲು ಇಕ್ಕಟ್ಟಾದ ಸೀಟುಗಳು, ಪ್ರತಿ ಸೀಟಿಗೂ ಎರಡೂ ಹೆಗಲಿನ ಮೇಲಿಂದ ಬಂದು ಸೊಂಟದಲ್ಲಿ ಸೇರುವ ಬೆಲ್ಟು. ಬಾಗಿಲು ಹಾಕಿದರೆ ಗಾಳಿಯಿಲ್ಲ, ಬೆಳಕು ಅಷ್ಟಕ್ಕಷ್ಟೆ. ಮೊದಲು ಹತ್ತಿದವನು ಕತ್ತಲಲ್ಲಿ ನಡೆದು ಕೊನೆಯ ಸೀಟಿಗೆ ಹೋಗಬೇಕು, ಕೊನೆಗೆ ಹತ್ತಿದವನು ಬಾಗಿಲ ಬಳಿ ಕೂರಬೇಕು. ಈ ಕ್ರಮ ತಪ್ಪಿದರೆ ದಾರಿ ಕಟ್ಟಿಹೋಗುತ್ತದೆ, ಹೊರಗೆ ಉಳಿದವರು ಹೊರಗೇ ಉಳಿಯುತ್ತಾರೆ. ಅದಕ್ಕಾಗಿ ಪ್ರತಿ ಭಾನುವಾರ ಸೈರನ್ ಊದಿ ಅಭ್ಯಾಸ ಮಾಡಿಸಬೇಕೆಂಬ ನಿಯಮ. ಎಲ್ಲರೂ ಲೈಫ್‌ಜಾಕೆಟ್ ತೊಟ್ಟು ಬರಬೇಕು, ಹತ್ತಬೇಕು, ಬೆಲ್ಟು ಹಾಕಬೇಕು, ಬಾಗಿಲು ಮುಚ್ಚಬೇಕು, ಎಂಜಿನ್ ಚಾಲೂ ಮಾಡಿ ನೋಡಬೇಕು. ಆಮೇಲೆ ಇಳಿಯಬೇಕು.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಆ ಡಬ್ಬದೊಳಗೆ ಕೂತು ನೋಡಿ. ಹನ್ನೆರಡು ಗಂಟೆ ದುಡಿದು ಬಂದವರನ್ನು ಅದರೊಳಗೆ ತುಂಬಿಸಿ, ಬಾಗಿಲು ಹಾಕಿ ಕೂರಿಸುವುದೆಂದರೆ ಯಾರ ಮನಸ್ಸಿಗಾದರೂ ಒಗ್ಗುತ್ತದೆಯೆ? ಪದ್ಮನಾಭನಿಗೆ ಒಗ್ಗಲಿಲ್ಲ. ಒಂದು ಭಾನುವಾರ ಅವನು ಹೇಳಿದ, “ಇವತ್ತು ಬೇಡ ಮಾರಾಯ್ರೆ. ಬಾಗಿಲು ಮುಟ್ಟಿ ಹೋಗಿ. ನೀವು ಬಂದಿದ್ದೀರಿ ಅಂತ ನನಗೆ ಗೊತ್ತಾದ್ರೆ ಸಾಕು.”

ಇವತ್ತು ಬೇಡ ಎಂದದ್ದು, ನೋಡಿ, ಮುಂದಿನ ಭಾನುವಾರವೂ ಬೇಡವಾಯಿತು. ಅದರ ಮುಂದಿನದೂ ಬೇಡವಾಯಿತು.

ಇನ್ನೊಂದು ಬೋಟಿನ ನಾಯಕ ರತ್ನಾಗಿರಿ ಕಡೆಯವನು. ಅವನಿಗೆ ಎಲ್ಲರೂ ಇಟ್ಟ ಹೆಸರು ಹೆಡ್‌ಮಾಸ್ಟರ್. ಅವನು ಯಾರನ್ನೂ ಬಿಡುತ್ತಿರಲಿಲ್ಲ. ಅವನ ಬೋಟಿನವರು ಬೆವರಿನಲ್ಲಿ ತೊಯ್ದು, ಬೈಯುತ್ತ ಇಳಿದು ಬರುವಷ್ಟರಲ್ಲಿ ಪದ್ಮನಾಭನ ಜನ ಮೆಸ್ಸಿನಲ್ಲಿ ಚಾ ಕುಡಿದು ಮುಗಿಸಿರುತ್ತಿದ್ದರು.

“ಎಂತ, ಇವತ್ತು ಎಷ್ಟು ಕಿಲೋ ಇಳಿದ್ರಿ?” ಎಂದು ಇವರು ಕೇಳುತ್ತಿದ್ದರು.

“ನಗಿ, ನಗಿ. ನಮ್ಮನ್ನೂ ಪದ್ದಣ್ಣನ ಬೋಟಿಗೆ ಹಾಕ್ಲಿಕ್ಕೆ ಹೇಳ್ತೇವೆ,” ಎಂದು ಅವರು ಹೇಳುತ್ತಿದ್ದರು. ಹೇಳುವುದಷ್ಟೇ ಅಲ್ಲ, ಕೆಲವರು ನಿಜವಾಗಿಯೂ ಹೋಗಿ ಕೇಳಿದರು.

ಬಾಗಿಲು ಮುಟ್ಟುವುದು ಹೇಗೆ? ನಮ್ಮವರಿಗೆ ಬಾಗಿಲು ಮುಟ್ಟಿ ಗೊತ್ತಿರುವುದು ಒಂದೇ ರೀತಿಯಲ್ಲಿ. ಗುಡಿಯ ಹೊಸ್ತಿಲು ಮುಟ್ಟುತ್ತೇವೆ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಹಿಂದೆ ನಿಂತವರಿಗೆ ಜಾಗ ಬಿಟ್ಟು ಬದಿಗೆ ಸರಿಯುತ್ತೇವೆ. ಅಲ್ಲಿಯೂ ಹಾಗೇ ಆಯಿತು. ಮೊದಲು ಯಾರೋ ಒಬ್ಬ ತಮಾಷೆಗೆ ಹಾಗೆ ಮಾಡಿದ್ದು. ತಿಂಗಳೊಳಗೆ ಅದೇ ಪದ್ಧತಿಯಾಯಿತು. ಮುಟ್ಟು, ಕಣ್ಣಿಗೊತ್ತಿಕೋ, ಅಟ್ಟದಂಚಿನ ಕಟಕಟೆಯ ಕಡೆ ಸರಿ. ಬಿಹಾರದಿಂದ ಬಂದ ವೆಲ್ಡರುಗಳೂ ಇದನ್ನು ಕಲಿತರು. ಆಯುಧಪೂಜೆಯ ದಿನ ಆ ಬೋಟಿಗೆ ಚೆಂಡುಹೂವಿನ ಮಾಲೆ ಹಾಕಿದರು, ಬಾಗಿಲಿಗೆ ಕುಂಕುಮ ಇಟ್ಟರು, ನಿಂಬೆಹಣ್ಣು ಕಟ್ಟಿದರು. ಬಾಗಿಲು ತೆರೆಯಲಿಲ್ಲ.

ಸುರಕ್ಷತೆಯ ಅಧಿಕಾರಿಯೊಬ್ಬರು ಹೊಸದಾಗಿ ಬಂದಿದ್ದರು, ರಾಜಮಹೇಂದ್ರಿಯ ಕಡೆಯವರು. ಅವರು ಒಮ್ಮೆ ಹಿಂದಿಯಲ್ಲಿ ಹೇಳಿದರಂತೆ, “ನಿಮ್ಮ ಜನ ಬೋಟಿಗೆ ಕೈ ಮುಗಿಯುತ್ತಾರೆ ಪದ್ಮನಾಭ್. ಹತ್ತುವುದು ಮಾತ್ರ ಕಾಣುವುದಿಲ್ಲ.”

“ಹತ್ತುವ ದಿನ ಬಂದ್ರೆ ಹತ್ತುತ್ತಾರೆ ಸರ್,” ಎಂದು ಪದ್ಮನಾಭ ನಕ್ಕ. “ನಾವು ಕಡಲಿನವರು. ಬೋಟು ಹತ್ತುವುದನ್ನು ನಮಗೆ ಹೇಳಿಕೊಡ್ಬೇಕಾ?”

ಅಧಿಕಾರಿ ಅದನ್ನು ಅಲ್ಲಿಗೇ ಬಿಟ್ಟರು. ಯಾಕೆ ಬಿಟ್ಟರು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಊಹಿಸಿ ಒಬ್ಬರ ಮೇಲೆ ಹೊರಿಸುವುದು ಸರಿಯಲ್ಲ. ನನಗೆ ಗೊತ್ತಿರುವುದೆಲ್ಲ ಪದ್ಮನಾಭನೇ ಹೇಳಿದ್ದು. ನಾಲ್ಕು ಜನರ ಮುಂದೆ ಹೇಳಿ ಎಂದು ಕೇಳಿಕೊಂಡವನೂ ಅವನೇ.

ಇಷ್ಟರಲ್ಲಿ ಅವನ ಹೆಂಡತಿ ಸುಗುಣಾಳ ತಮ್ಮ ಅದೇ ರಿಗ್‌ಗೆ ಕೆಲಸಕ್ಕೆ ಬಂದ. ಧನರಾಜ ಎಂದು ಹೆಸರು. ಮೂವತ್ತು ದಾಟಿದ ಗಂಡಸು, ಮದುವೆಯಾಗಿ ಒಂದು ಮಗುವಿತ್ತು. ಅಪ್ಪನ ದೋಣಿಯಲ್ಲಿ ಬೆಳೆದವನು. ರಿಗ್‌ಗೆ ಹೋಗುವ ಮೊದಲು ದಡದಲ್ಲಿ ಒಂದು ತರಬೇತಿ ಕೊಡುತ್ತಾರಲ್ಲ, ಕೊಳದಲ್ಲಿ ಮುಳುಗಿಸುತ್ತಾರೆ, ಎತ್ತರದಿಂದ ಹಾರಿಸುತ್ತಾರೆ, ಅದರಲ್ಲಿ ಅವನ ಈಜು ಕಂಡು ಕಲಿಸುವವರೇ ತಲೆದೂಗಿದ್ದರಂತೆ. ಆದರೆ ಅದೇ ತರಬೇತಿಯಲ್ಲಿ ಅರ್ಧ ದಿನ ಮುಚ್ಚಿದ ಲೈಫ್‌ಬೋಟಿನೊಳಗೆ ಕೂರಿಸುತ್ತಾರೆ. ಅಲ್ಲಿ ಅವನಿಗೆ ಬೇರೆಯೇ ಅನುಭವವಾಯಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ರಿಗ್‌ಗೆ ಬಂದ ಮೇಲೆ ಭಾವನಿಗೆ ಹೇಳಿದ.

“ಭಾವ, ನೀರು ಎಷ್ಟು ಬೇಕಾದ್ರೂ ಇರ್ಲಿ. ಆ ಡಬ್ಬದ ಒಳಗೆ ಮಾತ್ರ ನನಗೆ ಉಸಿರೇ ಸಿಗುವುದಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗೆ ಆಗ್ತದೆ.”

“ಅಷ್ಟೇಯಾ? ನನ್ನ ಬೋಟಿನಲ್ಲಿ ಯಾರೂ ಕೂತ್ಕೊಳ್ಳುವುದೇ ಇಲ್ಲ,” ಎಂದ ಪದ್ಮನಾಭ. “ಹೆಸರನ್ನು ನನ್ನ ಬೋಟಿಗೆ ಹಾಕಿಸ್ತೇನೆ. ಬಾಗಿಲು ಮುಟ್ಟಿ ಹೋಗು, ಆಯ್ತು.”

“ದೇವರ ಹಾಗೆ ಸಿಕ್ಕಿದ್ರಿ ಭಾವ.”

“ದೇವರಿಗೆ ಕಾಣಿಕೆ ಹಾಕ್ಬೇಕು ಮತ್ತೆ. ರಜೆಗೆ ಹೋದಾಗ ಒಳ್ಳೆ ಅಂಜಲ್ ಮೀನು ತಂದು ಕೊಡು.”

ಇದರಲ್ಲಿ ಎಲ್ಲಿ ತಪ್ಪು ಕಾಣುತ್ತದೆ ಹೇಳಿ. ಹೆಂಡತಿಯ ತಮ್ಮ ಕಷ್ಟ ಎಂದ, ಭಾವ ಕಷ್ಟ ತಪ್ಪಿಸಿದ. ನಮ್ಮಲ್ಲಿ ಯಾರು ಹಾಗೆ ಮಾಡುತ್ತಿರಲಿಲ್ಲ? ಪ್ರೀತಿ ಎಂದರೆ ಅದೇ ಅಲ್ಲವೆ? ಅದೇ ಅಲ್ಲವೆ?

ಸ್ವಲ್ಪ ಕೇಳಿ.

ಅದು ಮಧ್ಯಾಹ್ನದ ಊಟದ ಹೊತ್ತು. ಸೈರನ್ ಆಯಿತು. ಇದು ಅಭ್ಯಾಸದ್ದಲ್ಲ ಎಂದು ಎಲ್ಲರಿಗೂ ಗೊತ್ತಾಯಿತು, ಯಾಕೆಂದರೆ ಅಂದು ಭಾನುವಾರವಲ್ಲ. ಕೆಳಗಿನ ಅಂತಸ್ತಿನಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿತ್ತು. ಗಾಳಿ ಹೊಗೆಯನ್ನು ಪದ್ಮನಾಭನ ಬೋಟಿನ ಕಡೆಗೇ ತಳ್ಳುತ್ತಿತ್ತು. ಬೋಟು ಹತ್ತಿ ರಿಗ್ ಬಿಡಿ ಎಂದು ಮೈಕಿನಲ್ಲಿ ಆಜ್ಞೆ ಬಂತು. ಪದ್ಮನಾಭ ಓಡಿಬಂದು ಬಾಗಿಲು ತೆರೆದು ನಿಂತ. ಜನ ಬಂದರು. ಓಡಿಯೇ ಬಂದರು, ಜಾಕೆಟ್ ತೊಟ್ಟೇ ಬಂದರು, ಸಾಲಾಗಿಯೇ ಬಂದರು. ಆಮೇಲೆ ಏನು ಮಾಡಿದರು ಗೊತ್ತೆ?

ಬಾಗಿಲು ಮುಟ್ಟಿದರು. ಕಣ್ಣಿಗೆ ಒತ್ತಿಕೊಂಡರು. ಕಟಕಟೆಯ ಕಡೆ ಸರಿದು ನಿಂತರು.

ಒಬ್ಬರಲ್ಲ, ಇಬ್ಬರಲ್ಲ. ನಾಲ್ಕೈದು ಜನ ಹಾಗೆ ಸರಿದು ನಿಂತ ಮೇಲೆ ಪದ್ಮನಾಭನಿಗೆ ಏನಾಗುತ್ತಿದೆ ಎಂದು ಅರ್ಥವಾಯಿತು. ಅವರು ದಡ್ಡರಲ್ಲ, ನೋಡಿ. ಬೆಂಕಿ ಬಿದ್ದಿದೆ ಎಂಬುದು ಅವರ ತಲೆಗೆ ಗೊತ್ತಿತ್ತು. ಆದರೆ ಅಂಥ ಹೊತ್ತಿನಲ್ಲಿ ಕೈಕಾಲು ತಲೆಯ ಮಾತು ಕೇಳುವುದಿಲ್ಲ, ಕಲಿತದ್ದನ್ನು ಮಾಡುತ್ತವೆ. ಆ ಕೈಕಾಲುಗಳು ಕಲಿತದ್ದು ಬಾಗಿಲಿನ ತನಕ. ಬಾಗಿಲಿನಿಂದ ಆಚೆ ಅವರಿಗೆ ಯಾರೂ ಏನೂ ಕಲಿಸಿರಲಿಲ್ಲ.

“ಒಳಗೆ ಹೋಗಿ, ಒಳಗೆ,” ಎಂದು ಪದ್ಮನಾಭ ಕೂಗಿದ. ಎಲ್ಲರಿಗಿಂತ ಮುಂದೆ ಇದ್ದವನು ಧನರಾಜ. ಅವನು ಒಳಗೆ ಕಾಲಿಟ್ಟ, ಬಾಗಿಲ ಪಕ್ಕದ ಮೊದಲ ಸೀಟಿನಲ್ಲೇ ಕೂತ, ಬಾಗಿಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ನಮ್ಮ ದೋಣಿಯಲ್ಲಿ ನಾವು ಅಂಚು ಹಿಡಿದೇ ಕೂರುವುದು. ಬೆಳಕಿರುವ ಕಡೆ, ಗಾಳಿಯಿರುವ ಕಡೆ. ಆದರೆ ಅವನನ್ನು ದಾಟದೆ ಯಾರೂ ಒಳಗೆ ಹೋಗುವ ಹಾಗಿರಲಿಲ್ಲ. ದಪ್ಪ ಜಾಕೆಟ್ ತೊಟ್ಟವರು ಅವನ ಮೊಣಕಾಲಿಗೆ ಸಿಕ್ಕಿ ನಿಂತರು. ಹೇಗೋ ದಾಟಿದ ಇಬ್ಬರು ಒಳಗೆ ಬೆಲ್ಟು ಹುಡುಕಿದರು. ಹಿಂದಿನ ಸಾಲಿಗೆ ಈಚೆಗೆ ಹೊಸ ಬೆಲ್ಟು ಹಾಕಿದ್ದರು, ಅವಕ್ಕೆ ಕಟ್ಟಿದ ದಾರವನ್ನು ಯಾರೂ ಬಿಚ್ಚಿರಲಿಲ್ಲ.

“ಧನು, ಹಿಂದೆ ಹೋಗು. ಕೊನೆಯ ಸೀಟಿಗೆ ಹೋಗು.”

“ಅಲ್ಲಿ ಕತ್ತಲೆ ಭಾವ.”

“ಕತ್ತಲೆ ಇರ್ಲಿ ಮಾರಾಯ, ಹೋಗು. ಜನ ನಿಂತಿದ್ದಾರೆ.”

“ಆಗುವುದಿಲ್ಲ ಭಾವ. ನನ್ನಿಂದ ಆಗುವುದಿಲ್ಲ.”

ಹೊರಗೆ ನಿಂತವರಲ್ಲಿ ಯಾರೋ ಹೇಳಿದರು, “ಧನರಾಜಣ್ಣ, ಒಂದಾ ಒಳಗೆ ಹೋಗಿ, ಇಲ್ಲದಿದ್ರೆ ಹೊರಗೆ ಬನ್ನಿ. ನಮಗೂ ಹೆಂಡತಿ ಮಕ್ಕಳಿದ್ದಾರೆ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲವಂತೆ, ಅಂಗಲಾಚುವ ದನಿ ಇತ್ತು. ಧನರಾಜ ಎದ್ದು ಹೊರಗೆ ಬಂದ. ಹೊರಗಿನ ಗಾಳಿ ಸಿಕ್ಕಿದ ಕೂಡಲೇ ಅವನ ಮುಖಕ್ಕೆ ಜೀವ ಬಂತು. ಹೊಗೆಯ ಗಾಳಿ, ಆದರೂ ಗಾಳಿ.

“ನೀವು ಇವರನ್ನು ಇಳಿಸಿ ಭಾವ. ನಾನು ಹಾರಿ, ಈಜಿ ಬಂದು ನಿಮ್ಮ ಬೋಟು ಹಿಡೀತೇನೆ. ನಮಗೆ ನೀರು ಹೊಸತಾ?”

ಪದ್ಮನಾಭ ಅವನ ಜಾಕೆಟಿನ ಪಟ್ಟಿ ಹಿಡಿದ. ಒಂದು ಕೈಯಲ್ಲಿ ಹೆಂಡತಿಯ ತಮ್ಮ, ಇನ್ನೊಂದು ಕಡೆ ಹತ್ತಬೇಕಾದ ಮೂವತ್ತಕ್ಕೂ ಹೆಚ್ಚು ಜನ, ಅವರಿಗೆ ಎಲ್ಲಿ ಕೂರಬೇಕೆಂದೂ ಗೊತ್ತಿಲ್ಲ. ಒಬ್ಬೊಬ್ಬರನ್ನೂ ತಳ್ಳಿ ಕೂರಿಸಬೇಕು. ಹೊಗೆ ದಪ್ಪವಾಗುತ್ತಿತ್ತು. ಅವನು ಪಟ್ಟಿ ಬಿಟ್ಟ.

ಬಿಟ್ಟದ್ದು ತಪ್ಪೆ? ನಾನು ತಪ್ಪು ಎನ್ನುವುದಿಲ್ಲ. ಅಲ್ಲಿ ನಿಂತಿದ್ದರೆ ನೀವೂ ಬಿಡುತ್ತಿದ್ದಿರಿ, ನಾನೂ ಬಿಡುತ್ತಿದ್ದೆ. ತಪ್ಪು ಆ ಹೊತ್ತಿನದ್ದಲ್ಲ. ಆ ಹೊತ್ತಿಗೆ ಯಾರಿಗೂ ಮಾಡಲು ಏನೂ ಉಳಿದಿರಲಿಲ್ಲ. ತಪ್ಪು ನಡೆದದ್ದು ಬೆಂಕಿಯಿಲ್ಲದ ದಿನಗಳಲ್ಲಿ. ತಂಪಾದ, ನಗುವಿನ, ಚಾ ಕುಡಿಯುವ ಭಾನುವಾರಗಳಲ್ಲಿ.

ಧನರಾಜ ಹಾರಿದ. ಎಷ್ಟು ಎತ್ತರದಿಂದ ಎಂದು ಕೇಳಿದ್ದಕ್ಕೆ ಪದ್ಮನಾಭ, ಆರೇಳು ಮಾಳಿಗೆ ಇರಬಹುದು ಎಂದ. ಅಷ್ಟು ಎತ್ತರದಿಂದ ಬಿದ್ದವನಿಗೆ ನೀರು ಮೆತ್ತಗಿರುವುದಿಲ್ಲ. ಅಂಥ ಕಡೆಯಿಂದ ಹಾರಲೇಬೇಕಾಗಿ ಬಂದರೆ ಒಂದು ಕೈಯಲ್ಲಿ ಜಾಕೆಟನ್ನು ಎದೆಗೆ ಒತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಮೂಗು ಮುಚ್ಚಬೇಕು, ಕಾಲು ಜೋಡಿಸಿ ನೆಟ್ಟಗೆ ಇಳಿಯಬೇಕು. ಇಲ್ಲದಿದ್ದರೆ ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲಕ್ಕೆ ಚಿಮ್ಮಿ ಗಲ್ಲಕ್ಕೆ ಬಡಿಯುತ್ತದೆ, ಕುತ್ತಿಗೆ ಉಳಿಯುವುದಿಲ್ಲ. ದಡದ ತರಬೇತಿಯಲ್ಲಿ ಅವನಿಗೆ ಇದನ್ನು ಕಲಿಸಿದ್ದರು. ಆದರೆ ಆ ಕೊಳದಲ್ಲಿ ಅವನು ಹಾರಿದ್ದು ಒಂದೆರಡು ಸಲ. ಅಪ್ಪನ ದೋಣಿಯಿಂದ ಹಾರಿದ್ದು ಸಾವಿರ ಸಲ. ದೋಣಿಯಿಂದ ಹಾರುವ ಹಾಗೆಯೇ ಹಾರಿದ, ಎರಡೂ ಕೈ ಚಾಚಿ.

ಉಳಿದವರೆಲ್ಲರೂ ಬದುಕಿದರು. ಹೆಡ್‌ಮಾಸ್ಟರನ ಬೋಟು ಮೊದಲೇ ಇಳಿದು ದೂರ ಹೋಗಿತ್ತು. ಪದ್ಮನಾಭನದು ತಡವಾಗಿ, ತುಂಬ ತಡವಾಗಿ ನೀರು ಮುಟ್ಟಿತು. ಹೊಗೆ ಕುಡಿದ ಕೆಲವರು ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಬೋಟು ನೀರಿಗಿಳಿದ ಮೇಲೆ ಪದ್ಮನಾಭ ಅದನ್ನು ರಿಗ್‌ನಿಂದ ದೂರ ಒಯ್ಯಬೇಕಿತ್ತು, ನಿಯಮ ಅದೇ. ಅವನು ಒಂದು ಸುತ್ತು ಹಾಕಿದ. ಆ ಬೋಟಿನ ಕಿಟಕಿಗಳು ಸಣ್ಣವು, ಅಲೆ ದೊಡ್ಡದಿತ್ತು. ಏನೂ ಕಾಣಲಿಲ್ಲ. ಧನರಾಜನನ್ನು ಎತ್ತಿದ್ದು ಬೇರೊಂದು ಹಡಗಿನವರು. ಜಾಕೆಟ್ ಅವನನ್ನು ತೇಲಿಸಿಯೇ ಇಟ್ಟಿತ್ತು.

ಉತ್ತರಕ್ರಿಯೆ ಎಲ್ಲ ಮುಗಿದು, ನೆಂಟರು ಹೋದ ಮೇಲೆ ಸುಗುಣಾ ಗಂಡನನ್ನು ಕೇಳಿದಳು. ಅಲ್ಲಿಯ ತನಕ ಅವಳು ಏನೂ ಕೇಳಿರಲಿಲ್ಲ.

“ಅವನಿಗೆ ಚಿಕ್ಕಂದಿನಿಂದಲೂ ಮುಚ್ಚಿದ ಕೋಣೆ ಆಗ್ತಿರ್ಲಿಲ್ಲ. ಕಣ್ಣಾಮುಚ್ಚಾಲೆ ಆಡುವಾಗಲೂ ಅಂಗಳದಲ್ಲೇ ಅಡಗ್ತಿದ್ದ. ನಿಮಗೆ ಹೇಳಿದ್ನಾ?”

“ಹೇಳಿದ್ದ.”

“ಅದಕ್ಕೆ ನೀವು ಎಂತ ಹೇಳಿದ್ರಿ?”

“ಕೂತ್ಕೊಳ್ಳುವುದು ಬೇಡ, ಬಾಗಿಲು ಮುಟ್ಟಿ ಹೋಗು ಅಂದೆ.”

ಅವಳು ಬೈಯಲಿಲ್ಲ, ಅಳಲೂ ಇಲ್ಲ. “ಎಲ್ಲರಿಗಿಂತ ಹೆಚ್ಚು ಸಲ ಕೂರಿಸಬೇಕಾದದ್ದು ಅವನನ್ನೇ ಅಲ್ವಾ?” ಎಂದಳು.

ಅಷ್ಟೆ. ಮತ್ತೆ ಅವಳು ಆ ವಿಷಯ ಎತ್ತಿಲ್ಲ. ಪದ್ಮನಾಭ ರಿಗ್‌ಗೆ ಮರಳಿ ಹೋಗಲಿಲ್ಲ. ತನಿಖೆ ಮಾಡಿದವರು ಬೋಟು ಸರಿಯಿತ್ತು, ಎಂಜಿನ್ ಸರಿಯಿತ್ತು ಎಂದರು. ಹೌದು, ಸರಿಯಿತ್ತು. ಅವನು ನನಗೆ ಹೇಳಿದ, “ಹೆಡ್‌ಮಾಸ್ಟರಿಗೆ ಅವನ ಜನರ ಮೇಲೆ ಪ್ರೀತಿ ಇಲ್ಲ ಅಂತ ನಾನು ಎಣಿಸಿದ್ದೆ ಸ್ವಾಮಿ. ಅವರಿಂದ ಬೈಸಿಕೊಳ್ಳುವಷ್ಟು ಪ್ರೀತಿ ಅವನಿಗೆ ಇತ್ತು. ನನಗೆ ಅಷ್ಟು ಇರ್ಲಿಲ್ಲ.”

ಈಗ ಕಥೆ ಬಿಡೋಣ. ನಮ್ಮ ವಿಷಯಕ್ಕೆ ಬರೋಣ.

ದಯೆ ಎಂದು ನಾವು ಯಾವುದನ್ನು ಕರೆಯುತ್ತೇವೆ? ಮುಂದೆ ಬರಬಹುದಾದ ದೊಡ್ಡ ಕಷ್ಟ ಈಗ ಕಣ್ಣಿಗೆ ಕಾಣುವುದಿಲ್ಲ. ಈಗಿನ ಸಣ್ಣ ಕಷ್ಟ ಮಾತ್ರ ಕಾಣುತ್ತದೆ, ಬೆವರು ಕಾಣುತ್ತದೆ, ಸಪ್ಪೆ ಮುಖ ಕಾಣುತ್ತದೆ. ಅದನ್ನು ತಪ್ಪಿಸಿಬಿಡುತ್ತೇವೆ. ತಪ್ಪಿಸಿದ್ದಕ್ಕೆ ನಮ್ಮನ್ನು ಎಲ್ಲರೂ ಒಳ್ಳೆಯವರು ಎನ್ನುತ್ತಾರೆ. ಪದ್ಮನಾಭನನ್ನೂ ಹಾಗೆಯೇ ಅಂದರು. ಒಬ್ಬನಿಗೆ ಯಾವುದು ಕಷ್ಟವೋ ಅವನಿಗೆ ಅದರದ್ದೇ ಅಭ್ಯಾಸ ಹೆಚ್ಚು ಬೇಕು. ನಾವು ಮಾಡುವುದು ಇದರ ತಿರುಗುಮುರುಗು. ಲೆಕ್ಕ ಬಾರದ ಮಗುವಿಗೆ ಲೆಕ್ಕ ಬಿಟ್ಟುಬಿಡು ಎನ್ನುತ್ತೇವೆ. ಸಿಟ್ಟಿನ ಮಗನಿಗೆ ಎದುರಾಡದೆ ಮನೆಯವರೆಲ್ಲ ತಗ್ಗಿ ನಡೆಯುತ್ತೇವೆ. ಸೋಲನ್ನು ತಾಳದವನನ್ನು ಆಟದಲ್ಲೂ ಗೆಲ್ಲಿಸುತ್ತೇವೆ. ಮುಂದೆ ಒಂದು ದಿನ ಅವನು ಕತ್ತಲೊಳಗೆ ಹೋಗಿ ಕೂರಲೇಬೇಕಾಗುತ್ತದೆ. ಆ ದಿನ ಅವನ ಪಟ್ಟಿ ಹಿಡಿದು ಎಷ್ಟು ಹೊತ್ತು ನಿಲ್ಲುತ್ತೀರಿ?

ಭಕ್ತಿಯೂ ಅಷ್ಟೆ. ಈ ಮಂದಿರದ ಹೊಸ್ತಿಲು ಮುಟ್ಟುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಮುಟ್ಟಿ ಹೋಗುವುದನ್ನು ಹೇಳುತ್ತಿದ್ದೇನೆ. ಒಳಗೆ ಬಂದು ಮನಸ್ಸನ್ನು ಕಟ್ಟಿ ಕೂರಿಸಿ ಅಭ್ಯಾಸವಿಲ್ಲದವನಿಗೆ ಸಾವು ನೋವು ಬಂದ ದಿನ ಮನಸ್ಸು ಕೂರುವುದಿಲ್ಲ. ಅದು ಎದ್ದು ಹೊರಗೆ ಹಾರುತ್ತದೆ. ಸಂಕಟ ಬಂದಾಗ ದೇವರು ನೆನಪಾಗುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ನೆನಪಾಗುವುದು ಬೇರೆ. ಹತ್ತಿ ಕೂರುವುದು ಬೇರೆ.

ಇದು ದೊಡ್ಡ ಮಾತಾಯಿತು. ಸಣ್ಣದೊಂದನ್ನು ಹೇಳಿ ಮುಗಿಸುತ್ತೇನೆ, ಅದನ್ನಾದರೂ ಮಾಡಿ. ಬರುವಾಗ ಬಂದರಿನ ಧಕ್ಕೆಯಲ್ಲಿ ಮೀನಿನ ಬೋಟುಗಳನ್ನು ನೋಡಿದೆ. ಲೈಫ್‌ಜಾಕೆಟುಗಳು ಇವೆ. ಐಸ್ ತುಂಬುವ ಕೋಣೆಯ ಮುಚ್ಚಳದ ಕೆಳಗೆ, ತಂದಾಗಿನ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇವೆ. ಒಂದು ಜಾಕೆಟಿಗೆ ಕುಂಕುಮ ಹಚ್ಚಿದ್ದೂ ಕಂಡಿತು. ನಾಳೆ ಬೋಟು ಬಿಡುವ ಮೊದಲು ಆ ಪ್ಲಾಸ್ಟಿಕ್ ಹರಿಯಿರಿ. ಮಾಲಕರು ಮೊದಲು ತೊಡಿ, ಆಮೇಲೆ ಕೆಲಸದವರಿಗೆ ತೊಡಿಸಿ. ಬಕಲು ಕಣ್ಣು ಮುಚ್ಚಿ ಹಾಕಲು ಬರುವ ತನಕ ಹಾಕಿಸಿ. ರಿಗ್‌ಗೆ ಹೋಗುವ ಗಂಡ, ಅಣ್ಣ, ತಮ್ಮ ಇರುವ ಮನೆಯವರು ಫೋನಿನಲ್ಲಿ ಊಟವಾಯಿತೇ ಎಂದು ಕೇಳುತ್ತೀರಲ್ಲ, ಅದರ ಜೊತೆಗೆ ಈ ವಾರ ಬೋಟಿನೊಳಗೆ ಕೂತೆಯಾ, ಕೊನೆಯ ಸೀಟಿನ ತನಕ ಹೋದೆಯಾ ಎಂದು ಕೇಳಿ. ಪ್ರತಿ ವಾರ ಕೇಳಿ. ಅವನಿಗೆ ಯಾವುದು ಭಯ ಎಂದು ನಿಮಗೆ ಗೊತ್ತಿರುತ್ತದೆ, ಅದನ್ನೇ ಕೇಳಿ.

ಅವನು ಸಿಟ್ಟು ಮಾಡಿಕೊಳ್ಳುತ್ತಾನೆ. ಮಾಡಿಕೊಳ್ಳಲಿ. ಸಿಟ್ಟು ಮಾಡಿಕೊಳ್ಳುವುದಕ್ಕಾದರೂ ಅವನು ಇರಬೇಕಲ್ಲ.